ನಾಲ್ಕು ಊರಿನ ಕವಡೆ

ಶಿಗ್ಗಾಂವ,
ಬುಧವಾರ, ೧೧ ನವೆಂಬರ್ ೧೯೮೭

ಚಿ. ಸೌ. ಸರೋಜಾಳಿಗೆ ಹೂವಪ್ಪನ ಆಶೀರ್ವಾದಗಳು, ಅದರ ಜೊತೆಗೆ ಒಂದಿಷ್ಟು ಸಿಟ್ಟು.

ನಿನ್ನ ಆರೋಗ್ಯ ಹೇಗಿದೆ? ಪುಣೆಯಲ್ಲಿ ಚಳಿ ಬಿದ್ದಿದೆ ಎಂದು ಬಸ್ಸಿನವರು ಹೇಳುತ್ತಾರೆ. ಸಂಜೆ ಹೊತ್ತು ಸ್ವೆಟರ್ ಇಲ್ಲದೆ ಹೊರಗೆ ಬೀಳಬೇಡ. ನಿನಗೆ ಒಮ್ಮೆ ಗಂಟಲು ಕಟ್ಟಿದರೆ ಎಂಟು ದಿನ ಬಿಡುವುದಿಲ್ಲ. ಅದು ನನಗೆ ಗೊತ್ತು, ಅಲ್ಲಿಯವರಿಗೆ ಗೊತ್ತಿಲ್ಲ. ಹಾಸ್ಟೆಲಿನಲ್ಲಿ ದಿನಾ ಚಪಾತಿಯೇ ಎಂದು ಬರೆದಿದ್ದೆ. ಜೋಳದ ರೊಟ್ಟಿ ಇಲ್ಲದೆ ನಿನ್ನ ಹೊಟ್ಟೆ ಹೇಗೆ ತಡೆದುಕೊಂಡಿದೆಯೋ ಏನೋ. ಅವ್ವನ ಮೊಣಕಾಲು ನೋವು ಹಾಗೇ ಇದೆ, ಬಾಯಿಗೆ ಮಾತ್ರ ಯಾವ ಬೇನೆಯೂ ಇಲ್ಲ. ನನ್ನ ಆರೋಗ್ಯವೂ ಚೆನ್ನಾಗಿದೆ. ಕಣ್ಣುಗಳಂತೂ ಬಹಳ ಚೆನ್ನಾಗಿವೆ. ಇದು ನನಗೆ ಹೇಗೆ ಗೊತ್ತೆಂದರೆ, ದೀಪಾವಳಿಯ ಹಿಂದಿನ ವಾರ ಹುಬ್ಬಳ್ಳಿಗೆ ಹೋಗಿ ಕಣ್ಣಿನ ಡಾಕ್ಟರಿಗೆ ತೋರಿಸಿಕೊಂಡು ಬಂದೆ. ಅವರು ದೂರದ ಅಕ್ಷರ, ಹತ್ತಿರದ ಅಕ್ಷರ ಎಲ್ಲ ಓದಿಸಿ, ಇನ್ನೂ ಹತ್ತು ವರ್ಷ ನಿಮಗೆ ಚಾಳೀಸು ಬೇಕಾಗಿಲ್ಲ ಎಂದು ಬೆನ್ನು ತಟ್ಟಿ ಕಳಿಸಿದರು. ಬೇರೆ ಯಾರಾದರೂ ಆಗಿದ್ದರೆ ಪೇಢೆ ಹಂಚುತ್ತಿದ್ದರು. ನಾನು ಮಾರಿ ಸಣ್ಣದು ಮಾಡಿಕೊಂಡು ಊರಿಗೆ ಬಂದೆ.

ಯಾಕೆಂದು ನಿನಗೆ ತಿಳಿದಿರಬೇಕು. ಅಲ್ಲಿ ನಿನಗೆ ಕಂಪ್ಯೂಟರ್ ಕಲಿಸುವ ಆ ಸರ್ ಚಾಳೀಸು ಹಾಕುತ್ತಾರೆ. ಅವರ ಹೆಸರು ಬರೆಯಲು ನನ್ನ ಪೆನ್ನು ಒಲ್ಲೆ ಅನ್ನುತ್ತದೆ, ಅದಕ್ಕೇ ಚಾಳೀಸಿನವನು ಎಂದು ಬರೆಯುತ್ತೇನೆ, ನೀನು ಬೇಕಾದರೆ ಬೇಜಾರು ಮಾಡಿಕೋ. ನಿನ್ನ ಏಳು ಕಾಗದಗಳೂ ನನ್ನ ಟ್ರಂಕಿನಲ್ಲಿವೆ. ಮೊದಲನೆಯ ಕಾಗದದಲ್ಲಿ ಅವನು ಎರಡು ಸಲ ಬಂದಿದ್ದಾನೆ, ನಾನು ಒಂಬತ್ತು ಸಲ. ನಾಲ್ಕನೆಯದರಲ್ಲಿ ಇಬ್ಬರೂ ಸಮ ಸಮ. ಏಳನೆಯದರಲ್ಲಿ ಅವನು ಹದಿನೇಳು ಸಲ, ನಾನು ಒಂದೇ ಸಲ. ಅದೂ ಕೊನೆಯ ಸಾಲಿನಲ್ಲಿ, 'ನೀವು ಹೊತ್ತಿಗೆ ಸರಿಯಾಗಿ ಉಣ್ರಿ' ಎಂಬಲ್ಲಿ. ಸರ್ ಹೀಗೆ ಹೇಳಿದರು, ಸರ್ ಹಾಗೆ ನಗಿಸಿದರು, ಸರ್ ತಮ್ಮ ಡಬ್ಬಿಯ ಥಾಲೀಪೆಟ್ಟು ಎಲ್ಲರಿಗೂ ಹಂಚಿದರು. ಎಲ್ಲರಿಗೂ ಎಂದು ನೀನು ಬರೆದಿದ್ದೀಯ. ನಾನು ಆ ಸಾಲನ್ನು ಓದುವಾಗ ಅಲ್ಲಿ ಎಲ್ಲರೂ ಕಾಣುವುದಿಲ್ಲ, ನೀನೊಬ್ಬಳೇ ಕಾಣುತ್ತೀಯ. ಹೊಟ್ಟೆಕಿಚ್ಚು ಎಂಬುದು ಹೊಟ್ಟೆಯಲ್ಲೇ ಇರುತ್ತದೆ ಎಂದು ಈ ವರ್ಷ ಖಾತ್ರಿಯಾಯಿತು. ನಿನ್ನ ಕಾಗದ ಬಂದ ದಿನ ನನಗೆ ಎರಡನೆಯ ರೊಟ್ಟಿ ಇಳಿಯುವುದಿಲ್ಲ.

ಅವನ ಮೇಲೆ ಮಾತ್ರ ಹೊಟ್ಟೆಕಿಚ್ಚು ಎಂದು ತಿಳಿಯಬೇಡ. ನಿನ್ನ ಮೇಲೂ ಇದೆ. ಎರಡು ವರ್ಷ ಈ ಬುಕಿಂಗ್ ಆಫೀಸಿನಲ್ಲಿ ನನ್ನ ಮಗ್ಗುಲಿಗೆ ಸ್ಟೂಲ್ ಹಾಕಿಕೊಂಡು ಕೂತವಳು ನೀನು. ಗುಡ್ಡಪ್ಪ ಸಾಹುಕಾರರ ಪುಣೆ ಬಸ್ಸಿನ ಮೂವತ್ತಾರು ಸೀಟನ್ನು ಶಿಗ್ಗಾಂವ, ಹಾನಗಲ್ಲ, ಸವಣೂರು, ಹಿರೇಕೆರೂರು ಎಂದು ನಾಲ್ಕು ಊರಲ್ಲಿ ಮಾರುವುದು ಹೇಗೆ, ಯಾವ ಊರಿಗೆ ಯಾವಾಗ ಫೋನ್ ಹಚ್ಚಬೇಕು, ಎಲ್ಲ ನನ್ನನ್ನು ನೋಡಿ ಕಲಿತೆ. ಆಗ ನೀನು ಟಿಕೀಟು ಹರಿಯುವ ಹೂವಪ್ಪನ ಹೆಂಡತಿ. ಸಾಹುಕಾರರು ಒಂದು ದಿನ ನಿನ್ನ ಲೆಕ್ಕದ ಚುರುಕು ನೋಡಿ, ಹಾನಗಲ್ಲ ಕಾಲೇಜಿನ ಬಿಎಸ್ಸಿ ಸುಮ್ಮನೆ ಯಾಕೆ ಕೊಳೆಯಬೇಕೆಂದು, ಜೂನ್ ತಿಂಗಳಲ್ಲಿ ನಿನ್ನನ್ನು ಪುಣೆಯ ಕಂಪ್ಯೂಟರ್ ಕಂಪನಿಗೆ ಕಲಿಯಲು ಕಳಿಸಿದರು. ಈಗ ಸವಣೂರಿನ ಬುಕಿಂಗಿನ ಭರಮಪ್ಪ ನನ್ನನ್ನು ಹೊಸಬರಿಗೆ ಪರಿಚಯ ಮಾಡಿಸುವುದೇ 'ಕಂಪ್ಯೂಟರ್ ಬಾಯಾರ ಯಜಮಾನ್ರು' ಎಂದು. ನಾನೂ ಹಲ್ಲು ಕಿರಿದು ಕೈ ಮುಗಿಯುತ್ತೇನೆ. ಕೈ ಮುಗಿಯುವಾಗ ಒಳಗೆ ಏನಾಗುತ್ತದೆ ಎಂದು ಕೇಳಬೇಡ.

ಇರಲಿ. ಶನಿವಾರ ನಿನ್ನ ಪರೀಕ್ಷೆ. ಸಾಹುಕಾರರು ಶುಕ್ರವಾರದ ಬಸ್ಸಿಗೆ ಹೊರಟು ಬರುತ್ತಾರೆ. ಒಂದೇ ಕೋಣೆಯಲ್ಲಿ ನಾಲ್ಕು ಮಷಿನ್ ಇಟ್ಟು, ನಾಲ್ಕಕ್ಕೂ ನಮ್ಮ ನಾಲ್ಕು ಊರಿನ ಹೆಸರಿಟ್ಟು, ತಂತಿ ಜೋಡಿಸಿ ಒಂದು ದಿನದ ಸೀಟು ಮಾರಿ ತೋರಿಸಬೇಕು. ಒಂದು ಸೀಟೂ ಇಬ್ಬರಿಗೆ ಹೋಗದಿದ್ದರೆ ಸಾಹುಕಾರರು ಮಷಿನ್ ಕೊಳ್ಳುತ್ತಾರೆ, ಆ ಕಂಪನಿ ನಿನ್ನನ್ನು ಇನ್ನೂ ಎರಡು ವರ್ಷ ಅಲ್ಲೇ ಇಟ್ಟುಕೊಳ್ಳುತ್ತದೆ. ಒಂದೇ ಒಂದು ಸೀಟು ಡಬಲ್ ಆದರೂ ಸಾಕು, ಮಷಿನೂ ಬೇಡ ಗಿಷಿನೂ ಬೇಡ, ನಮ್ಮ ಕಾಗದ ಪೆನ್ಸಿಲೇ ಗಟ್ಟಿ ಎಂದು ಸಾಹುಕಾರರು ಎದ್ದು ಬಿಡುತ್ತಾರೆ. ನೀನು ಭಾನುವಾರದ ಬಸ್ಸಿಗೆ ಊರಿಗೆ ಬರುತ್ತೀಯ. ಸಾಹುಕಾರರ ಸಿಟ್ಟಿಗೂ ಕಾರಣವಿದೆ. ಹೋದ ಬೇಸಿಗೆಯಲ್ಲಿ ಬಂಕಾಪುರದ ಆ ಮುದುಕ ಕೈಯಲ್ಲಿ ಟಿಕೀಟು ಹಿಡಿದುಕೊಂಡೇ ಕೊಲ್ಲಾಪುರದವರೆಗೆ ನಿಂತು ಹೋದದ್ದು, ಅವನ ಸೀಟಿನಲ್ಲಿ ಹಾನಗಲ್ಲಿನ ಬೀಗರೊಬ್ಬರು ಅಷ್ಟೇ ಸಾಚಾ ಟಿಕೀಟು ಹಿಡಿದು ಕೂತಿದ್ದು ಅವರ ಕಿವಿಗೆ ಇಂದಿಗೂ ಬೀಳುತ್ತಿರುತ್ತದೆ. ಯಾರ ತಪ್ಪು ಎಂದು ಕೇಳಿದರೆ ನಾಲ್ಕೂ ಊರಿನವರು ತಮ್ಮದಲ್ಲ ಅಂದರು. ಆಣೆ ಮಾಡಿ ಅಂದರು.

ಈಗ ಆ ತಪ್ಪು ನಿನ್ನ ಮಷಿನಿನಲ್ಲೂ ಹುಟ್ಟಿದೆ. ಅದನ್ನು ನೀನು ಏಳನೆಯ ಕಾಗದದಲ್ಲಿ ಬರೆದಾಗ, ಸುಳ್ಳು ಯಾಕೆ ಹೇಳಲಿ, ನನಗೆ ಖುಷಿಯಾಯಿತು. ಹತ್ತು ದಿನ ಸರಿ ಇರುತ್ತದೆ, ಹನ್ನೊಂದನೆಯ ದಿನ ಒಂದು ಸೀಟು ಡಬಲ್. ಮತ್ತೆ ಅದನ್ನೇ ತೋರಿಸು ಎಂದು ಕೂತರೆ ತೋರಿಸುವುದಿಲ್ಲ. 'ನಾಲ್ಕೂ ಒಮ್ಮಿಗೇ ಕೆಲಸ ಮಾಡತಾವ್ರಿ, ಯಾವುದರ ಸುದ್ದಿ ಮೊದಲ ಮುಟ್ಟತೈತಿ ಅನ್ನೂದು ನಮ್ಮ ಕೈಯಾಗಿಲ್ಲ, ಹಿಂಗಾಗಿ ತಪ್ಪು ಹಿಡಿಯಾಕ ಸಿಗವಲ್ದು' ಎಂದು ಬರೆದಿದ್ದೆ. ಓದಿ ಪಾಪ ಅನ್ನಿಸಿತ್ತು. ಅದರ ಮುಂದಿನ ಸಾಲಿನಲ್ಲೇ ಅವನನ್ನು ತಂದು ಕೂರಿಸಿದ್ದೀಯಲ್ಲ, ಅಲ್ಲಿ ನನ್ನ ತಲೆ ಕೆಟ್ಟಿತು. ನಾಲ್ಕೂ ಊರನ್ನು ಒಂದೇ ಮಷಿನಿನೊಳಗೆ ತಂದು, ಒಂದು ಸಲಕ್ಕೆ ಒಂದೇ ಊರು ಒಂದೇ ಹೆಜ್ಜೆ ಇಡುವಂತೆ ಮಾಡಿ, ಯಾರ ಸರದಿ ಎಂಬುದನ್ನು ಅಂಕಿಗಳ ಒಂದು ಪಟ್ಟಿಯಿಂದ ತೆಗೆದುಕೊಂಡರೆ, ಅದೇ ಪಟ್ಟಿ ಕೊಟ್ಟಾಗಲೆಲ್ಲ ಅದೇ ತಪ್ಪು ಮತ್ತೆ ಬರಲೇಬೇಕು. ಆಗ ಕೂತು ಹಿಡಿಯಬಹುದು. ಇದು ಚಾಳೀಸಿನವನ ಉಪಾಯವಂತೆ. 'ಎಂಥಾ ತಲಿ ಐತ್ರಿ ಅವರದು' ಅಂತೆ. ಅವನ ಏರ್ಪಾಡು ಮುಗಿಯಲು ಡಿಸೆಂಬರ್ ಆಗುತ್ತದಂತೆ, ಪರೀಕ್ಷೆ ನವೆಂಬರಿನಲ್ಲಂತೆ, ಏನು ಮಾಡಬೇಕೋ ತಿಳಿಯದಂತೆ.

ಎಂಥಾ ತಲೆ ಎಂದು ನೀನು ನನ್ನ ಬಗ್ಗೆ ಯಾವತ್ತಾದರೂ ಅಂದಿದ್ದೀಯಾ? ಮದುವೆಯಾದ ಹೊಸತರಲ್ಲಿ ನನ್ನ ಕೂದಲಿನ ಬಗ್ಗೆ ಒಮ್ಮೆ ಅಂದಿದ್ದೆ, ಅದು ಬೇರೆ. ಆ ಸಾಲು ಓದಿದವನೇ ಕಾಗದ ಮಡಿಚಿಟ್ಟು, ಇಷ್ಟಕ್ಕೆ ಪುಣೆ ಯಾಕೆ ಬೇಕು, ಇದನ್ನು ನನ್ನ ಅವ್ವನ ಕವಡೆ ಮಾಡುತ್ತದೆ ಎಂದು ಗೋಡೆಗೆ ಹೇಳಿದೆ. ಹೇಳಿದ ಮೇಲೆ ಮಾಡಿ ತೋರಿಸಬೇಕಾಯಿತು. ಡಿಸೆಂಬರಿಗೆ ಅವನು ಹಿಡಿಯುವ ತಪ್ಪನ್ನು ನಾನು ನವೆಂಬರಿನಲ್ಲೇ ಹಿಡಿಯಬೇಕು, ಇಷ್ಟೇ ನನ್ನ ಮನಸ್ಸಿನಲ್ಲಿ ಇದ್ದದ್ದು. ನಿನಗೆ ಸಹಾಯವಾಗಲಿ ಎಂದಲ್ಲ. ಅದನ್ನು ಈಗಲೇ ಹೇಳಿಬಿಡುತ್ತೇನೆ.

ಸೆಪ್ಟೆಂಬರಿನಲ್ಲಿ ನೀನು ನಮ್ಮ ಆಫೀಸಿನ ಪದ್ಧತಿ ಸರಿಯಾಗಿ ಬರೆದಿದ್ದೇನೆಯೇ ನೋಡಿರಿ ಎಂದು ಹನ್ನೊಂದು ನಿಯಮಗಳ ಹಾಳೆ ಕಳಿಸಿದ್ದೆಯಲ್ಲ, ನಾಲ್ಕೂ ಮಷಿನ್ ನಡೆಯುವುದು ಆ ಹನ್ನೊಂದರ ಮೇಲೆಯೇ ಎಂದು. ಅದನ್ನೇ ತೆಗೆದೆ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಆಫೀಸಿನಲ್ಲಿ ಗಿರಾಕಿ ಇರುವುದಿಲ್ಲ. ಚಾಪೆ ಹಾಸಿ ನಾಲ್ಕು ಮೂಲೆಗೆ ನಾಲ್ವರು ಕೂತೆವು. ಶಿಗ್ಗಾಂವ ನಾನು. ಹಾನಗಲ್ಲ ಅವ್ವ, ಓದು ಬರದಿದ್ದರೂ ಅಂಕಿ ಗೊತ್ತು, ಸೀಟಿನ ಮೇಲೆ ಹುಣಸೆಬೀಜ ಇಡುವುದು ಗೊತ್ತು. ಸವಣೂರಿನ ಭರಮಪ್ಪ ಮಧ್ಯಾಹ್ನದ ಬಸ್ಸಿಗೆ ಪಟ್ಟಿ ತರುತ್ತಾನಲ್ಲ, ಅವನು ಸವಣೂರೇ ಆದ. ಹಿರೇಕೆರೂರಿಗೆ ಜನ ಸಿಗದೆ ಮಗ್ಗುಲ ಚಹಾದಂಗಡಿಯ ತಿಪ್ಪವ್ವನನ್ನು ಕರೆದೆವು. ಒಬ್ಬೊಬ್ಬರ ಮುಂದೆ ಒಂದೊಂದು ಸೀಟಿನ ನಕ್ಷೆ, ಫೋನಿನ ಬದಲು ಅಂಕಿ ಬರೆದ ಚೀಟಿಗಳು. ನಾಲ್ಕು ಕವಡೆ ಒಗೆಯುವುದು: ಒಂದು ಬಾಯಿ ಮೇಲಾದರೆ ಶಿಗ್ಗಾಂವ, ಎರಡಾದರೆ ಹಾನಗಲ್ಲ, ಮೂರಾದರೆ ಸವಣೂರು, ನಾಲ್ಕೂ ಆದರೆ ಹಿರೇಕೆರೂರು, ಎಲ್ಲ ಬೋರಲು ಬಿದ್ದರೆ ಮತ್ತೊಮ್ಮೆ. ಕವಡೆ ಕರೆದ ಊರಿನವರು ಒಂದೇ ಒಂದು ಕೆಲಸ ಮಾಡಬೇಕು, ಒಬ್ಬ ಗಿರಾಕಿಯನ್ನು ವಿಚಾರಿಸುವುದು ಇಲ್ಲವೇ ಬಂದ ಒಂದು ಚೀಟಿ ಓದುವುದು. ಯಾವುದು ಎಂಬುದನ್ನೂ ಎರಡನೆಯ ಎಸೆತವೇ ಹೇಳಬೇಕು. ಉಳಿದ ಮೂವರು ಕೈ ಆಡಿಸುವಂತಿಲ್ಲ. ಬಿದ್ದ ಒಂದೊಂದು ಎಸೆತವನ್ನೂ ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ಮೂರನೆಯ ದಿನವೇ ಹಿರೇಕೆರೂರಿನ ಒಂದು ಸೀಟು ಡಬಲ್ ಆಯಿತು. ನಾನು ತೊಡೆ ತಟ್ಟಿ ಎದ್ದೆ. ಈಗ ಅದೇ ಎಸೆತಗಳನ್ನು ಪುಸ್ತಕ ನೋಡಿ ಓದುತ್ತೇನೆ, ಎಲ್ಲರೂ ಮೊದಲಿನಿಂದ ಮಾಡಿರಿ ಅಂದೆ. ಮಾಡಿದರು. ಸೀಟು ಡಬಲ್ ಆಗಲಿಲ್ಲ! ಎರಡು ಸಲ ಮಾಡಿದೆವು, ಎರಡು ಸಲವೂ ಬೇರೆ ಬೇರೆ ನಕ್ಷೆ. ಚಾಳೀಸಿನವನು ಪುಣೆಯಿಂದಲೇ ನಗುತ್ತಿದ್ದಾನೆ ಅನ್ನಿಸಿ ಮೈ ಪರಚಿಕೊಳ್ಳುವಂತಾಯಿತು. ಭರಮಪ್ಪನನ್ನು ಕೂರಿಸಿಕೊಂಡು ಬಿಡಿಸಿ ಬಿಡಿಸಿ ಕೇಳಿದ ಮೇಲೆ ತಿಳಿಯಿತು, ಅವನು ಗಿರಾಕಿಗೆ ಸೀಟು ಕೊಡುವುದು ಮನಸ್ಸಿಗೆ ಬಂದ ಹಾಗೆ. ಒಮ್ಮೆ ಕಿಟಕಿಯದು, ಒಮ್ಮೆ ನಡುವಿನದು. ಅಲ್ಲಿ ಗಿರಾಕಿ ಎಂಬುದೇ ಇಲ್ಲ, ಹುಣಸೆಬೀಜ ಇದೆ, ಆದರೂ ಇವನು ಅದರ ಮುಖ ನೋಡಿ ಸೀಟು ಕೊಡುತ್ತಾನೆ. ಇತ್ತ ತಿಪ್ಪವ್ವ ಹಾಲು ಉಕ್ಕಿತೆಂದು ನಡುವೆ ಎದ್ದು ಹೋಗಿದ್ದಳು. ಆಕೆ ಬರುವಷ್ಟರಲ್ಲಿ ಬೇಸರವಾಗಿ ನಾನೇ ಆಕೆಯ ಒಂದು ಚೀಟಿ ಓದಿ ಹಾಕಿದ್ದೆ. ಡಬಲ್ ಆದದ್ದು ಅದರಿಂದಲೇ, ನಿಯಮದ ತಪ್ಪಿನಿಂದ ಅಲ್ಲ. ಕವಡೆಯನ್ನು ಕೇಳದೆ ಆದ ಕೆಲಸ ಒಂದಿದ್ದರೂ ಆಟ ಮತ್ತೆ ಅದೇ ದಾರಿಗೆ ಬರುವುದಿಲ್ಲ ಎಂದು ಆ ದಿನ ಕಲಿತೆ. ಅಂದಿನಿಂದ ಸೀಟು ಆರಿಸುವುದೂ ಕಡಿಮೆ ಅಂಕಿಯಿಂದಲೇ, ಹಾಲು ಉಕ್ಕಿದರೆ ಎಲ್ಲರೂ ಕೈ ಕಟ್ಟಿ ಕಾಯುವುದು, ಗೋಡೆಯ ಗಡಿಯಾರದ ಕಡೆಗೂ ಯಾರೂ ನೋಡುವಂತಿಲ್ಲ. ಇದನ್ನು ಚಾಳೀಸಿನವನು ನಿನಗೆ ಹೇಳಿಕೊಟ್ಟಿದ್ದಾನೋ ಇಲ್ಲವೋ ಗೊತ್ತಿಲ್ಲ. ಹೇಳಿರದಿದ್ದರೆ ನನಗೆ ಸಂತೋಷ.

ಆಮೇಲೆ ಹತ್ತು ಆಟ ಹೀಗೇ ಹೋದವು. ಮೂವತ್ತಾರು ಸೀಟು, ಮೂವತ್ತಾರು ಗಿರಾಕಿ, ಜಗಳವಿಲ್ಲ. ಅವ್ವನಿಗೆ ಇದರ ರುಚಿ ಹತ್ತಿಬಿಟ್ಟಿತು; ಊಟ ಮುಗಿಯುವ ಮೊದಲೇ ಕವಡೆ ಸೆರಗಿನಲ್ಲಿ ಕಟ್ಟಿಕೊಂಡು ಆಫೀಸಿಗೆ ಬರುತ್ತಿದ್ದಳು. ಹೋದ ಮಂಗಳವಾರ, ಮೂರನೆಯ ತಾರೀಖು, ಹದಿನಾಲ್ಕನೆಯ ಆಟ. ಊರಿಗೆ ಒಂಬತ್ತು ಸೀಟಿನ ಪಾಲು, ಅದು ಮುಗಿದರೆ ಮತ್ತೊಂದು ಊರನ್ನು ಕೇಳುವುದು ಎಂಬುದು ಎಂದಿನ ಹಾಗೆ. ಕವಡೆ ಎಂದಿಲ್ಲದೆ ಹಾನಗಲ್ಲಿನ ಮೇಲೇ ಬೀಳುತ್ತಾ ಬಂದು, ಅವ್ವನ ಒಂಬತ್ತೂ ಮಾರಿಹೋದವು. ಅವ್ವ ಹಾನಗಲ್ಲಿಗೊಂದು ಸೀಟು ಬೇಕೆಂದು ನನಗೆ ಚೀಟಿ ಕಳಿಸಿದಳು, ನಾನು ನನ್ನ ಪಾಲಿನ ಒಂದನೆಯ ಸೀಟು ಒಯ್ಯಿರಿ ಎಂದು ಚೀಟಿ ಕಳಿಸಿದೆ. ಮುಂದೆ ನಾಲ್ಕು ಎಸೆತ ಕಳೆಯುವುದರೊಳಗೆ ಒಂದನೆಯ ಸೀಟಿನ ಮೇಲೆ ಎರಡು ಬೀಜ ಕೂತಿದ್ದವು, ಒಂದು ಅವ್ವನ ನಕ್ಷೆಯಲ್ಲಿ, ಒಂದು ನನ್ನದರಲ್ಲಿ. ಭರಮಪ್ಪ ಪುಸ್ತಕ ಹಿಡಿದು ಎಸೆತಗಳನ್ನು ಮೊದಲಿನಿಂದ ಓದಿದ. ನಲವತ್ತೊಂದನೆಯ ಎಸೆತಕ್ಕೆ ಮತ್ತೆ ಅದೇ ಸೀಟು ಡಬಲ್. ಮತ್ತೊಮ್ಮೆ ಓದಿದ. ಮತ್ತೆ ಡಬಲ್. ಅವ್ವ ಗದ್ದಕ್ಕೆ ಕೈ ಹಚ್ಚಿ, 'ಅದ ಕವಡಿ, ಅದ ಸೀಟು, ಅದ ಜಗಳಾ ನೋಡಪ್ಪ' ಅಂದಳು. ಇಷ್ಟು ದಿನ ನಿನಗೂ ಅವನಿಗೂ ಸಿಗದೆ ಆಡಿಸಿದ ತಪ್ಪು ಚಾಪೆಯ ಮೇಲೆ ಕರೆದಾಗಲೆಲ್ಲ ಬಂದು ಕೂರುತ್ತಿತ್ತು. ನಾಲ್ಕನೆಯ ಸಲ ಒಂದೊಂದು ಎಸೆತಕ್ಕೂ ನಿಲ್ಲಿಸಿ ನಿಲ್ಲಿಸಿ ಓದಿಸಿದೆ. ತಪ್ಪು ಎಲ್ಲಿದೆ ಎಂದು ಕಂಡಿತು. ಯಾರದು ಎಂದೂ ಕಂಡಿತು.

ಎಲ್ಲಿ ಎಂದು ಇಲ್ಲಿ ಬರೆಯುವುದಿಲ್ಲ. ಗೊತ್ತಾಗಿ ಇವತ್ತಿಗೆ ಎಂಟು ದಿನ, ಬರೆದಿಲ್ಲ. ನಾನು ಎಂಥವನು ಎಂದು ನಿನಗೆ ತಿಳಿಯಲಿ. ಮೊದಲನೆಯ ದಿನ, ನಾಳೆ ಬರೆದರಾಯಿತು ಅಂದುಕೊಂಡೆ. ಎರಡನೆಯ ದಿನ, ಅವಳು ಇದನ್ನು ಓದಿ ಮೊದಲು ಯಾರಿಗೆ ತೋರಿಸುತ್ತಾಳೆ ಎಂದು ಯೋಚಿಸಿದೆ. ಚಾಳೀಸು ಮೂಗಿನ ಮೇಲೆ ಏರಿಸಿಕೊಂಡು ನನ್ನ ಅಕ್ಷರ ಓದುತ್ತಾನೆ, ಶಾಬಾಸ್ ಅನ್ನುತ್ತಾನೆ, ಇಬ್ಬರೂ ಕೂಡಿ ಮಷಿನ್ ಸರಿ ಮಾಡುತ್ತೀರಿ, ಎರಡು ವರ್ಷ ಅದೇ ಕೋಣೆಯಲ್ಲಿ ಕೂರುತ್ತೀರಿ. ನಾನು ಇಲ್ಲಿ ಟಿಕೀಟು ಹರಿಯುತ್ತ ಕೂರುತ್ತೇನೆ. ನನ್ನ ಕೈಯಾರ ನಾನೇ ನಿನ್ನನ್ನು ಅಲ್ಲಿ ಕೂರಿಸಿದ ಹಾಗಾಗುತ್ತದೆ. ಸುಮ್ಮನಿದ್ದರೆ ಏನಾಗುತ್ತದೆ? ಶನಿವಾರ ಸೀಟು ಡಬಲ್ ಆಗಬಹುದು. ಸಾಹುಕಾರರು ಎದ್ದು ಬಿಡುತ್ತಾರೆ. ನೀನು ಅಳುತ್ತೀಯ, ಒಂದು ದಿನ, ಎರಡು ದಿನ. ಆಮೇಲೆ ಆ ಸ್ಟೂಲಿನ ಮೇಲೆ ನನ್ನ ಮಗ್ಗುಲಿಗೆ ಕೂತಿರುತ್ತೀಯ. ನಿಜ ಹೇಳುತ್ತೇನೆ, ಆ ಚಿತ್ರ ನನಗೆ ಬಹಳ ಹಿಡಿಸಿತು. ನೀನು ಅಳುವುದೂ ಸೇರಿದಂತೆ ಹಿಡಿಸಿತು. ನಿನ್ನನ್ನು ಸಮಾಧಾನ ಮಾಡುವವನು ನಾನೇ ಆಗಿರುತ್ತಿದ್ದೆನಲ್ಲ!

ಇವತ್ತು ಬರೆಯುತ್ತಿರುವುದು ಯಾಕೆಂದರೆ, ಮುಂದೆ ಯಾವತ್ತಾದರೂ ಗೊತ್ತಾದಾಗ, ಹೇಳಲೇ ಇಲ್ಲ ಎಂದು ನೀನು ಅನ್ನಬಾರದು. ಈ ಕಾಗದವನ್ನು ನಾಳೆ ಪೋಸ್ಟಿಗೆ ಹಾಕುತ್ತೇನೆ. ಪುಣೆಗೆ ನಾಲ್ಕು ದಿನ. ಸೋಮವಾರ ಹಾಸ್ಟೆಲಿಗೆ ಬರುತ್ತದೆ. ಅಷ್ಟು ಹೊತ್ತಿಗೆ ನೀನು ಊರಲ್ಲಿರುತ್ತೀಯ, ಕಾಗದ ಅಲ್ಲೇ ಬಿದ್ದಿರುತ್ತದೆ. ಬಸ್ಸಿನ ಡ್ರೈವರ್ ಕೈಯಲ್ಲಿ ಕೊಟ್ಟರೆ ಮಾರನೆಯ ಬೆಳಿಗ್ಗೆಯೇ ಸಿಗುತ್ತದೆ ಎಂಬುದು ನನಗೆ ಗೊತ್ತಿಲ್ಲದ್ದಲ್ಲ. ಟ್ರಂಕ್ ಕಾಲ್ ಹಚ್ಚಬಹುದಿತ್ತು. ಹಚ್ಚಿದರೆ ಕಂಪನಿಯ ಫೋನ್ ಎತ್ತುವವನು ಅವನೇ. ಪೋಸ್ಟಿಗೇ ಹಾಕುತ್ತೇನೆ.

ಅವ್ವನ ಆಶೀರ್ವಾದಗಳು. ತಿಪ್ಪವ್ವ, ನೀನು ಬಂದರೆ ಒಂದು ಪ್ಯಾಲಿ ಚಹಾ ತನ್ನ ಲೆಕ್ಕಕ್ಕೆ ಎಂದು ಹೇಳಿದ್ದಾಳೆ. ಭರಮಪ್ಪ ನಮಸ್ಕಾರ ಹೇಳಿದ್ದಾನೆ, ಎಷ್ಟು ಸಲ ಎಂದು ನಾನು ಎಣಿಸಲಿಲ್ಲ. ಹುಷಾರಾಗಿರು, ಗಂಟಲು ಕಾಯ್ದುಕೋ, ಸಾಧ್ಯವಾದಾಗ ನನ್ನನ್ನು ನೆನೆ.

ಸಿಟ್ಟಿನಲ್ಲೂ ನಿನ್ನವನೇ ಆದ,
ಹೂವಪ್ಪ

ತಾ. ಕ. ಗುರುವಾರ, ಸಂಜೆ ಆರು. ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ, ಬಸ್ಸು ಆಫೀಸಿನ ಮುಂದೆ ನಿಂತಿದೆ, ಡ್ರೈವರ್ ಮಲ್ಲೇಶಪ್ಪ ಹಾರ್ನ್ ಹೊಡೆಯುತ್ತಿದ್ದಾನೆ. ಕಾಗದ ಪೋಸ್ಟಿಗೆ ಹಾಕಲಿಲ್ಲ. ಅವನ ಕೈಯಲ್ಲಿ ಕೊಡುತ್ತಿದ್ದೇನೆ, ಜೊತೆಗೆ ನೋಟ್‌ಬುಕ್ಕನ್ನೂ. ನಾಳೆ ಬೆಳಿಗ್ಗೆ ಹಾಸ್ಟೆಲಿನ ಬಾಗಿಲಿಗೆ ಬಂದು ನಿನ್ನ ಕೈಗೇ ಕೊಡಬೇಕೆಂದು ಅವನಿಂದ ಮಾತು ತೆಗೆದುಕೊಂಡಿದ್ದೇನೆ.

ಆದದ್ದು ಇಷ್ಟು. ಮಧ್ಯಾಹ್ನ ಲಕೋಟೆ ಅಂಟಿಸುತ್ತಿದ್ದಾಗ ಅವ್ವ ಬಂದಳು. ತಪ್ಪು ಸಿಕ್ಕ ದಿನವೇ ನಾನು ನಿನಗೆ ತಿಳಿಸಿದ್ದೇನೆ ಎಂದೇ ಆಕೆ ನಂಬಿದ್ದಳು. ಈಗ ಬರೆದೆ, ಪೋಸ್ಟಿಗೆ ಹೊರಟಿದ್ದೇನೆ ಅಂದೆ. ಆಕೆ ಚಾಪೆಯ ಮೇಲೆ ತನ್ನ ಹಾನಗಲ್ಲಿನ ಮೂಲೆಯಲ್ಲಿ ಕೂತು ಸ್ವಲ್ಪ ಹೊತ್ತು ಲೆಕ್ಕ ಹಾಕಿದಳು. ಆಮೇಲೆ ಕೇಳಿದಳು: "ಕಾಗದ ಮೊದಲ ಮುಟ್ಟತೈತೋ, ಸಾಹುಕಾರ ಮೊದಲ ಮುಟ್ಟತಾನೋ?" ಹದಿನೇಳು ದಿನ ಅದನ್ನೇ ಆಡಿದ ಮುದುಕಿಯ ಮುಂದೆ ಸುಳ್ಳು ನಡೆಯುವುದಿಲ್ಲ. ಸಾಹುಕಾರರೇ ಮೊದಲು ಅಂದೆ. ಆಗ ಆಕೆ, "ಇದಕ್ಕ ಕವಡಿ ಒಗೆಯೂದು ಬ್ಯಾಡ. ಯಾವುದು ಮೊದಲ ಅನ್ನೂದು ನಿನ್ನ ಕೈಯಾಗನ ಐತಿ" ಅಂದಳು. ಬೈಯಲಿಲ್ಲ. ಬೈದಿದ್ದರೆ ನಾನೂ ತಿರುಗಿ ಏನಾದರೂ ಅನ್ನುತ್ತಿದ್ದೆ, ಕಾಗದ ಪೋಸ್ಟಿಗೇ ಹೋಗುತ್ತಿತ್ತು.

ತಪ್ಪು ನಿನ್ನ ಹಾಳೆಯ ಏಳನೆಯ ನಿಯಮದಲ್ಲಿದೆ. 'ದಿನದ ಮೊದಲ ಗಿರಾಕಿಯನ್ನು ಕಾಯಿಸಬಾರದು. ಟಿಕೀಟು ಮೊದಲು, ಉಳಿದದ್ದೆಲ್ಲ ಆಮೇಲೆ.' ಬೋಣಿ, ಸರೋಜಾ. ಬೇರೆ ಊರಿಗೆ ಕೊಡುತ್ತೇವೆ ಎಂದು ಹೇಳಿ ಕಳಿಸಿದ ಸೀಟಿಗೆ ಉತ್ತರ ಬರುವವರೆಗೆ ಅದನ್ನು ಮುಟ್ಟಬಾರದು ಎಂದು ಐದನೆಯ ನಿಯಮ ಹೇಳುತ್ತದೆ. ಏಳನೆಯದು ಅದನ್ನು ತುಳಿದುಕೊಂಡು ಹೋಗುತ್ತದೆ. ಒಂದು ಊರಿನ ಒಂಬತ್ತೂ ಸೀಟು ಮುಗಿದು ಅದು ಮತ್ತೊಂದು ಊರನ್ನು ಕೇಳಬೇಕು, ಕೊಡುವ ಊರಿನಲ್ಲಿ ಇನ್ನೂ ಬೋಣಿ ಆಗಿರಬಾರದು, ಕೊಟ್ಟೆವು ಎಂಬ ಸುದ್ದಿ ಇನ್ನೂ ದಾರಿಯಲ್ಲಿರಬೇಕು, ಅದೇ ಗಳಿಗೆಗೆ ಮೊದಲ ಗಿರಾಕಿ ಬರಬೇಕು. ಇಷ್ಟೂ ಕೂಡಿ ಬಂದರೆ ಮಾತ್ರ ಡಬಲ್. ಅದಕ್ಕೇ ನಿಮಗೆ ಸಿಗಲಿಲ್ಲ. ಬಂಕಾಪುರದ ಮುದುಕ ನಿಂತು ಹೋದ ದಿನವೂ ಹಾನಗಲ್ಲಿನಲ್ಲಿ ಮದುವೆಯವರು ಬೆಳಿಗ್ಗೆಯೇ ಒಂಬತ್ತೂ ಹಿಡಿದಿದ್ದರು. ಆ ಮುದುಕ ನನ್ನ ಬೋಣಿ.

ಸಾಹುಕಾರರ ಅಚ್ಚಾದ ನಿಯಮಗಳಲ್ಲಿ ಬೋಣಿ ಎಂಬ ಮಾತೇ ಇಲ್ಲ. ಅದು ನನ್ನ ಕೈಯ ರೂಢಿ. ಊದಿನಕಡ್ಡಿ ಹಚ್ಚಿ, ಮೊದಲು ಬಂದವನಿಗೆ ಹಿಂದೆ ಮುಂದೆ ನೋಡದೆ ಟಿಕೀಟು ಬರೆದು ಕೈಯಲ್ಲಿಡುವುದನ್ನು ನೀನು ಎರಡು ವರ್ಷ ಮಗ್ಗುಲಿಗೆ ಕೂತು ನೋಡಿದೆ, ನಿಯಮವೆಂದು ನಂಬಿ ಪುಣೆಯ ಮಷಿನಿನೊಳಗೆ ಇಟ್ಟೆ. ಸೆಪ್ಟೆಂಬರಿನಲ್ಲಿ ಹಾಳೆ ಕಳಿಸಿದಾಗ ನಾನೂ ಓದಿ ಎಲ್ಲ ಸರಿ ಇದೆ ಎಂದು ಬರೆದೆ, ನನ್ನ ಕೈಯ ತಪ್ಪು ನನಗೇ ಕಾಣಲಿಲ್ಲ. ನನ್ನದೆಂದು ನೀನು ಅಲ್ಲಿಗೆ ಒಯ್ದದ್ದು ಇದೊಂದೇ, ಅದನ್ನೇ ತೆಗೆ ಎಂದು ನಾನೇ ಬರೆಯಬೇಕಾಗಿ ಬಂತು. ತೆಗೆ. ಐದನೆಯದನ್ನು ಹಾಗೇ ಇಡು. ನೋಟ್‌ಬುಕ್ಕಿನ ಹದಿನಾಲ್ಕನೆಯ ಆಟದ ಎಸೆತಗಳನ್ನು ಮೊದಲು ಇದ್ದ ಹಾಗೇ ಕಾಗದದ ಮೇಲೆ ನಡೆಸಿ ಡಬಲ್ ಮಾಡಿಸು, ಆಮೇಲೆ ಏಳನೆಯದನ್ನು ತೆಗೆದು ಅದೇ ಎಸೆತಗಳನ್ನು ಮತ್ತೆ ನಡೆಸು. ಚಾಳೀಸಿನವನಿಗೆ ತೋರಿಸುವುದಾದರೆ ತೋರಿಸು, ಕಂಡುಹಿಡಿದವನ ಹೆಸರು ಮಾತ್ರ ಅವನ ಬಾಯಿಂದ ಒಮ್ಮೆ ಹೇಳಿಸು. ಎಂಟು ದಿನ ಮುಚ್ಚಿಟ್ಟದ್ದಕ್ಕೆ ನನ್ನನ್ನು ಎಷ್ಟು ಬೇಕಾದರೂ ಬೈ, ಆದರೆ ಭಾನುವಾರ ಬೈ. ನಾಳೆ ನಿನಗೆ ಪುರಸೊತ್ತಿರಬಾರದು.

ಮಲ್ಲೇಶಪ್ಪ ಕೆಳಗಿಳಿದು ಬಂದು ಬಾಗಿಲಲ್ಲಿ ನಿಂತಿದ್ದಾನೆ. ಒಂದೇ ಮಾತು. ಈ ಎಂಟು ದಿನ ನಿನಗೆ ಬರೆಯಲಿಲ್ಲ, ಆದರೆ ಆಟ ನಿಲ್ಲಿಸಲೂ ಆಗಲಿಲ್ಲ. ಏಳನೆಯ ನಿಯಮ ತೆಗೆದು ಹದಿನಾಲ್ಕನೆಯ ಆಟವನ್ನೇ ಮೊದಲು ಆಡಿದೆವು, ಆಮೇಲೆ ಹೊಸ ಎಸೆತಗಳಿಂದ ಇಪ್ಪತ್ತು. ತಪ್ಪಲಿ ತಪ್ಪಲಿ ಎಂದು ಪ್ರತಿ ಸಲವೂ ನಾನು ಒಳಗೇ ಬೇಡಿಕೊಂಡೆ. ಒಂದು ಸಲವೂ ತಪ್ಪಲಿಲ್ಲ. ಶನಿವಾರ ನೀನು ಪಾಸಾಗುತ್ತೀಯ. ಎರಡು ವರ್ಷ ಅಲ್ಲೇ ಇರುತ್ತೀಯ, ಸರೋಜಾ. ನಾನು ಇಪ್ಪತ್ತೊಂದು ಸಲ ಆಡಿ ನೋಡಿದ್ದೇನೆ.